ಇಂಜಿನ್ ಕೂಗುತ್ತದೆ, ಬೋಟು ಓಡುವುದಿಲ್ಲ: ಪ್ರೊಪೆಲ್ಲರ್ ಹಬ್ ಬಿಚ್ಚುವುದು, ಕೂರಿಸುವುದು

ಪ್ರಶ್ನೆ: ಸರ್, ಹೊನ್ನಾವರದಲ್ಲಿ ಶರಾವತಿ ಹೊಳೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಫೈಬರ್ ಬೋಟ್ ನನ್ನದು. 60 ಎಚ್‌ಪಿ ಔಟ್‌ಬೋರ್ಡ್ ಇಂಜಿನ್, ಅಲ್ಯೂಮಿನಿಯಂ ಪ್ರೊಪೆಲ್ಲರ್. ಕಳೆದ ತಿಂಗಳು ಅಳಿವೆ ಹತ್ತಿರ ಮರಳು ದಿಬ್ಬಕ್ಕೆ ಫ್ಯಾನ್ ತಾಗಿತು. ಈಗ ನಿಧಾನಕ್ಕೆ ಹೋದರೆ ಏನೂ ತೊಂದರೆ ಇಲ್ಲ. ಥ್ರಾಟಲ್ ಜಾಸ್ತಿ ಕೊಟ್ಟರೆ ಇಂಜಿನ್ ಕೂಗುತ್ತದೆ, ಬೋಟು ಮಾತ್ರ ಮುಂದೆ ಹೋಗುವುದಿಲ್ಲ. ಒಬ್ಬ ಮೆಕ್ಯಾನಿಕ್ ಹೊಸ ಪ್ರೊಪೆಲ್ಲರ್ರೇ ಹಾಕಿ ಅಂತಾರೆ. ಇನ್ನೊಬ್ಬರು ಒಳಗಿನ ರಬ್ಬರ್ ಸುಟ್ಟು ತೆಗೆದು ಬೇರೆ ಬುಷ್ ಹಾಕೋಣ ಅಂತಾರೆ. ಮತ್ತೊಬ್ಬರು ಎರಡು ಬೋಲ್ಟ್ ಹೊಡೆದರೆ ಮುಗೀತು ಅಂತಾರೆ. ಯಾರ ಮಾತು ಕೇಳಲಿ? ನಾನೇ ಮಾಡಬಹುದಾ?

ಉತ್ತರ: ಬೋಲ್ಟ್ ಹೊಡೆಯುವ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಯಾಕೆ ಅಂತ ಹೇಳಬೇಕಾದರೆ ಒಳಗಿನ ರಬ್ಬರ್‌ಗೆ ಏನು ಕೆಲಸ ಅನ್ನುವುದರಿಂದಲೇ ಶುರು ಮಾಡಬೇಕು.

ನಿಮ್ಮ ಪ್ರೊಪೆಲ್ಲರ್ ನೇರವಾಗಿ ಶಾಫ್ಟ್ ಮೇಲೆ ಕೂತಿಲ್ಲ. ಶಾಫ್ಟಿನ ಹಲ್ಲುಗಳಿಗೆ ಹೊಂದುವ ಒಂದು ಹಿತ್ತಾಳೆ ಅಥವಾ ಕಂಚಿನ ಕೊಳವೆ ಇರುತ್ತದೆ. ಇದಕ್ಕೆ ಸ್ಲೀವ್ ಅನ್ನುತ್ತಾರೆ. ಅದರ ಸುತ್ತ ದಪ್ಪ ರಬ್ಬರ್ ಅಂಟಿಸಿರುತ್ತಾರೆ. ಸ್ಲೀವ್ ಮತ್ತು ರಬ್ಬರ್ ಸೇರಿದ ಈ ತುಂಡೇ ಹಬ್, ಬುಷ್ ಅನ್ನುವುದೂ ಇದನ್ನೇ. ರಬ್ಬರಿನ ಹೊರ ಅಳತೆ ಪ್ರೊಪೆಲ್ಲರಿನ ಒಳ ಬಾಯಿಗಿಂತ ದೊಡ್ಡದು. ಅದನ್ನು ಪ್ರೆಸ್‌ನಲ್ಲಿ ಬಿಗಿಯಾಗಿ ಒತ್ತಿ ತುಂಬಿರುತ್ತಾರೆ. ಹೊರಗಡೆ ಅಂಟೂ ಇಲ್ಲ, ಬೋಲ್ಟೂ ಇಲ್ಲ. ಆ ಒತ್ತಡದ ಹಿಡಿತದಲ್ಲೇ 60 ಎಚ್‌ಪಿ ಪೂರ್ತಿ ದಾಟಿಹೋಗುತ್ತದೆ. ಗೇರ್ ಹಾಕುವಾಗ ಬರುವ ಜರ್ಕನ್ನು ಈ ರಬ್ಬರ್ ನುಂಗಿಕೊಳ್ಳುತ್ತದೆ. ರೆಕ್ಕೆಗೆ ಏನಾದರೂ ಬಲವಾಗಿ ಬಡಿದರೆ ತಾನು ಜಾರಿ, ಒಳಗಿನ ಗೇರ್‌ಗೆ ಬೀಳುವ ಪೆಟ್ಟನ್ನು ಕಡಿಮೆ ಮಾಡುತ್ತದೆ.

ಬೋಲ್ಟ್ ಹೊಡೆದರೆ ಆ ಜಾರುವ ಅವಕಾಶವೇ ಹೋಯಿತು. ಮುಂದಿನ ಸಲ ಮರಳು ತಾಗಿದಾಗ ಪೆಟ್ಟು ಸೀದಾ ಗೇರ್ ಹಲ್ಲಿಗೆ, ಶಾಫ್ಟ್‌ಗೆ, ಗೇರ್ ಹಿಡಿಸುವ ಡಾಗ್ ಕ್ಲಚ್‌ಗೆ ಬೀಳುತ್ತದೆ. ರಬ್ಬರ್ ಬುಷ್ ಎಲ್ಲಿ, ಗೇರ್ ಪೆಟ್ಟಿಗೆ ಇರುವ ಇಡೀ ಲೋವರ್ ಯೂನಿಟ್ ಎಲ್ಲಿ? ಖರ್ಚನ್ನು ಹೋಲಿಸುವಂತೆಯೇ ಇಲ್ಲ. ಅದಕ್ಕಿಂತ ದೊಡ್ಡ ಮಾತು ಅಂದರೆ ನಿಮ್ಮ ಬೋಟಿನಲ್ಲಿ ಜನ ಇರುತ್ತಾರೆ. ಇಳಿತದ ಹೊತ್ತಲ್ಲಿ ಅಳಿವೆ ಬಾಗಿಲಲ್ಲಿ ಗೇರ್ ಮುರಿದು ನಿಂತರೆ ನೀರು ನಿಮ್ಮನ್ನು ಯಾವ ಕಡೆ ಎಳೆಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಸರಿ, ಆದರೆ ಹಬ್ಬೇ ಜಾರುತ್ತಿದೆ ಅಂತ ಖಚಿತವಾಗಿದೆಯಾ? ನೀವು ಹೇಳಿದ ಲಕ್ಷಣ ಅದಕ್ಕೇ ಹೊಂದುತ್ತದೆ, ನಿಜ. ಕಡಿಮೆ ಥ್ರಾಟಲ್‌ನಲ್ಲಿ ರಬ್ಬರ್ ಹಿಡಿದುಕೊಳ್ಳುತ್ತದೆ, ಭಾರ ಬಿದ್ದ ಕೂಡಲೇ ಬಿಡುತ್ತದೆ. ಆದರೂ ದುಡ್ಡು ಖರ್ಚು ಮಾಡುವ ಮೊದಲು ಬೇರೆ ಕಾರಣಗಳನ್ನು ತಳ್ಳಿಹಾಕಿ. ಪ್ರೊಪೆಲ್ಲರ್ ಗಾಳಿ ಎಳೆದುಕೊಂಡರೂ ಆರ್‌ಪಿಎಂ ಏರುತ್ತದೆ. ಆದರೆ ಅದು ದಿಢೀರನೆ ಏರುತ್ತದೆ, ತಿರುವು ಮುಗಿದಾಗ ಅಥವಾ ಟ್ರಿಮ್ (ಇಂಜಿನ್ನಿನ ಓರೆ) ಒಳಗೆ ತಂದಾಗ ಮತ್ತೆ ಸರಿಹೋಗುತ್ತದೆ. ಗೇರ್ ಕ್ಲಚ್ ಸವೆದಿದ್ದರೆ ಸದ್ದಿಲ್ಲದೆ ಜಾರುವುದಿಲ್ಲ. ಕಟಕಟ ಅಂತ ಲೋಹದ ಸದ್ದು ಬರುತ್ತದೆ, ಬೋಟು ಜಗ್ಗಿ ಜಗ್ಗಿ ಹೋಗುತ್ತದೆ. ಬೋಟಿನ ತಳಕ್ಕೆ ಚಿಪ್ಪು ಕಟ್ಟಿದ್ದರೆ ಆರ್‌ಪಿಎಂ ಸಾಮಾನ್ಯವಾಗಿ ಇಳಿಯುತ್ತದೆ, ಏರುವುದಿಲ್ಲ. ಹಬ್ ಜಾರುವಾಗ ಗಲಾಟೆ ಇರುವುದಿಲ್ಲ. ಇಂಜಿನ್ ಸರಾಗವಾಗಿ ಮೇಲೆ ಹೋಗುತ್ತದೆ, ವೇಗ ಮಾತ್ರ ಬರುವುದಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಗೆರೆ ಸಾಕು. ಪ್ರೊಪೆಲ್ಲರ್ ಹಿಂಭಾಗ ಒರೆಸಿ ಒಣಗಿಸಿ. ಶಾಫ್ಟಿನ ತುದಿಯಿಂದ ಪ್ರೊಪೆಲ್ಲರಿನ ಒಳ ಬಾಯಿಯ ಅಂಚಿನವರೆಗೆ ಒಂದೇ ನೇರದಲ್ಲಿ ಪೇಂಟ್ ಮಾರ್ಕರ್‌ನಿಂದ ಗುರುತು ಹಾಕಿ. ಉಗುರಿನ ಬಣ್ಣ ಆದರೂ ನಡೆಯುತ್ತದೆ. ಶಾಫ್ಟೂ ಸ್ಲೀವೂ ಹಲ್ಲಿನಿಂದ ಕಚ್ಚಿಕೊಂಡಿರುವುದರಿಂದ ಅವು ಒಟ್ಟಿಗೇ ತಿರುಗುತ್ತವೆ. ಆಮೇಲೆ ಪ್ರವಾಸಿಗರಿಲ್ಲದೆ, ಜೊತೆಗೆ ಇನ್ನೊಂದು ಬೋಟ್ ಇಟ್ಟುಕೊಂಡು, ಇಂಜಿನ್ ಕೂಗುವ ತನಕ ಥ್ರಾಟಲ್ ಕೊಟ್ಟು ವಾಪಸ್ ಬನ್ನಿ. ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ನಿಂತಿದ್ದರೆ ಹಬ್ ಜಾರಿದೆ. ಗೆರೆ ಹಾಗೇ ಇದ್ದರೆ ಇನ್ನೊಮ್ಮೆ ಓಡಿಸಿ ನೋಡಿ. ಪೂರ್ತಿ ಸುತ್ತು ಜಾರಿ ಅದೇ ಜಾಗಕ್ಕೆ ಬಂದು ನಿಲ್ಲುವುದು ಅಪರೂಪ, ಆದರೆ ಆಗಬಹುದು. ಎರಡನೇ ಸಲವೂ ಗೆರೆ ಮುರಿಯದಿದ್ದರೆ ಪ್ರೊಪೆಲ್ಲರ್ ಬಿಚ್ಚಬೇಡಿ, ತೊಂದರೆ ಬೇರೆ ಕಡೆ ಇದೆ.

ಲೆಕ್ಕದಿಂದಲೂ ಹಿಡಿಯಬಹುದು. ನಿಮ್ಮ ಪ್ರೊಪೆಲ್ಲರ್ ಮೇಲೆ ಎರಡು ಅಂಕಿ ಕೆತ್ತಿರುತ್ತಾರೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ 13 ಅಂತಿಟ್ಟುಕೊಳ್ಳೋಣ. ಅಂದರೆ ಒಂದು ಸುತ್ತಿಗೆ 13 ಇಂಚು ಮುಂದೆ ಹೋಗಬೇಕು. ಗೇರ್ ಅನುಪಾತ 2:1, ಇಂಜಿನ್ 5000 ಆರ್‌ಪಿಎಂ ಇದ್ದರೆ ಪ್ರೊಪೆಲ್ಲರ್ ನಿಮಿಷಕ್ಕೆ 2500 ಸುತ್ತು. ಗುಣಿಸಿದರೆ ನಿಮಿಷಕ್ಕೆ 32,500 ಇಂಚು, ಸುಮಾರು 825 ಮೀಟರ್. ಗಂಟೆಗೆ 49 ಕಿಲೋಮೀಟರ್ ಮೇಲೆ ಬಂತು. ನೀರು ಗಟ್ಟಿ ವಸ್ತು ಅಲ್ಲ, ಹಾಗಾಗಿ ನೀರಿನ ಮೇಲೆ ಎದ್ದು ಓಡುವ ಹಗುರ ಬೋಟಿನಲ್ಲೂ ನೂರಕ್ಕೆ 10ರಿಂದ 20ರಷ್ಟು ಹೋಗಿಯೇ ಹೋಗುತ್ತದೆ. ಜನ ತುಂಬಿದ ಬೋಟಿನಲ್ಲಿ ಇನ್ನೂ ಜಾಸ್ತಿ. ನಿಮ್ಮ ಇಂಜಿನ್ನಿನ ಗೇರ್ ಅನುಪಾತ ಮ್ಯಾನ್ಯುಯಲ್‌ನಲ್ಲಿರುತ್ತದೆ, ಅದನ್ನು ಹಾಕಿ ಲೆಕ್ಕ ಮಾಡಿ. ಫೋನಿನ ಜಿಪಿಎಸ್ ತೋರಿಸುವ ವೇಗ ಅದರ ಅರ್ಧಕ್ಕೂ ಬರದಿದ್ದರೆ, ಮೊದಲು ಅದೇ ಆರ್‌ಪಿಎಂಗೆ ಚೆನ್ನಾಗಿ ಓಡುತ್ತಿತ್ತು ಅಂತಾದರೆ, ಎಲ್ಲೋ ಜಾರುತ್ತಿದೆ. ಹೊಸ ಹಬ್ ಹಾಕಿದ ಮೇಲೆ ಯಾವ ಆರ್‌ಪಿಎಂಗೆ ಎಷ್ಟು ವೇಗ ಅಂತ ಬರೆದಿಟ್ಟುಕೊಳ್ಳಿ. ಮುಂದೆ ಅನುಮಾನ ಬಂದಾಗ ಹೋಲಿಸಲು ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ಒಂದು ಸಲ ಜಾರಿದ ರಬ್ಬರ್ ತಾನಾಗಿ ಸರಿಹೋಗುವುದಿಲ್ಲ. ಉಜ್ಜಿದ ಶಾಖಕ್ಕೆ ಅದರ ಮೈ ನುಣುಪಾಗಿ ಗಾಜಿನ ಹಾಗೆ ಹೊಳೆಯುತ್ತದೆ, ಹಿಡಿತ ದಿನದಿನಕ್ಕೆ ಕಡಿಮೆಯಾಗುತ್ತದೆ. ಇವತ್ತು ಅರ್ಧ ಥ್ರಾಟಲ್‌ಗೆ ಓಡುವುದು ಇನ್ನು ಸ್ವಲ್ಪ ದಿನಕ್ಕೆ ಗೇರ್ ಹಾಕಿದರೂ ಓಡದು. ಸರಿ ಮಾಡಿಸುವ ತನಕ ಜನರನ್ನು ಕೂರಿಸಿಕೊಳ್ಳಬೇಡಿ.

ಈಗ ಬಿಚ್ಚುವ ಕೆಲಸ. ಪ್ರೊಪೆಲ್ಲರನ್ನು ಶಾಫ್ಟಿನಿಂದ ಬಿಚ್ಚುವುದು, ವಾಪಸ್ ಹಾಕುವುದು ನೀವೇ ಮಾಡಬಹುದು, ಮಾಡಲು ಬರಲೇಬೇಕು. ರಬ್ಬರ್ ಹಬ್ ಒತ್ತುವುದು ಮಾತ್ರ ಪ್ರೆಸ್ ಇರುವ ವರ್ಕ್‌ಶಾಪಿನ ಕೆಲಸ.

ಬೋಟನ್ನು ದಡಕ್ಕೆ ತಂದು ಇಂಜಿನ್ ಮೇಲಕ್ಕೆ ಎತ್ತಿ, ಟಿಲ್ಟ್ ಲಾಕ್ ಹಾಕಿ. ಕೀ ತೆಗೆಯಿರಿ, ಸ್ಟಾಪ್ ಸ್ವಿಚ್ಚಿನ ಹಗ್ಗ ಕಿತ್ತಿಡಿ, ಬ್ಯಾಟರಿ ಸಂಪರ್ಕ ತಪ್ಪಿಸಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ರೆಕ್ಕೆ ಹಿಡಿದು ನಟ್ ತಿರುಗಿಸುವಾಗ ಇಂಜಿನ್ ಶುರುವಾಗಿ ಬೆರಳು ಕಳೆದುಕೊಳ್ಳುವುದು ಕಟ್ಟುಕಥೆಯಲ್ಲ. ರೆಕ್ಕೆ ಮತ್ತು ಮೇಲಿನ ಅಡ್ಡ ಪ್ಲೇಟಿನ ನಡುವೆ ಮರದ ತುಂಡು ಇಟ್ಟರೆ ಪ್ರೊಪೆಲ್ಲರ್ ತಿರುಗದೆ ನಿಲ್ಲುತ್ತದೆ. ಇಕ್ಕಳದಿಂದ ಸ್ಪ್ಲಿಟ್ ಪಿನ್ನಿನ ಕಾಲು ನೇರ ಮಾಡಿ ಎಳೆಯಿರಿ. ಆ ಪಿನ್ ಮತ್ತೆ ಬಳಸಬೇಡಿ, ಎಸೆದುಬಿಡಿ. ನಟ್ ಬಿಚ್ಚಿ, ಆಮೇಲೆ ವಾಶರ್, ಸ್ಪೇಸರ್, ಪ್ರೊಪೆಲ್ಲರ್, ಕೊನೆಗೆ ಗೇರ್ ಪೆಟ್ಟಿಗೆ ಕಡೆಯ ದಪ್ಪ ಥ್ರಸ್ಟ್ ವಾಶರ್. ಒಂದೊಂದು ಬಿಚ್ಚಿದಾಗಲೂ ಫೋನಿನಲ್ಲಿ ಫೋಟೋ ತೆಗೆದು, ಅದೇ ಸಾಲಿನಲ್ಲಿ ಬಟ್ಟೆ ಮೇಲೆ ಜೋಡಿಸಿ. ಥ್ರಸ್ಟ್ ವಾಶರ್ ಮೇಲೆ ಕಣ್ಣಿರಲಿ. ಗ್ರೀಸಿಗೆ ಅಂಟಿಕೊಂಡು ಪ್ರೊಪೆಲ್ಲರಿನ ಒಳಗೇ ಬಂದುಬಿಡುತ್ತದೆ, ವರ್ಕ್‌ಶಾಪಿಗೆ ಹೋಗುವ ದಾರಿಯಲ್ಲಿ ಎಲ್ಲೋ ಬಿದ್ದುಹೋಗುತ್ತದೆ. ಅದಿಲ್ಲದೆ ಪ್ರೊಪೆಲ್ಲರ್ ಹಾಕಿದರೆ ಗೇರ್ ಪೆಟ್ಟಿಗೆಗೇ ಉಜ್ಜಿಕೊಂಡು ಎರಡೂ ಹಾಳು.

ಶಾಫ್ಟ್ ಖಾಲಿಯಾದ ಮೇಲೆ ಬುಡದಲ್ಲಿ ಬೆರಳಾಡಿಸಿ ನೋಡಿ. ಅಲ್ಲಿ ಗಾಳದ ದಾರ, ಬಲೆಯ ಎಳೆ ಸುತ್ತಿಕೊಂಡಿರುವುದು ನಮ್ಮ ಕರಾವಳಿಯಲ್ಲಿ ಸಾಮಾನ್ಯ. ಈಗಿನ ನೈಲಾನ್ ಎಳೆ ಕಣ್ಣಿಗೆ ಕಾಣುವುದೂ ಕಷ್ಟ. ಅದು ಸುತ್ತುತ್ತಾ, ಗೇರ್ ಪೆಟ್ಟಿಗೆಗೆ ನೀರು ಹೋಗದಂತೆ ತಡೆಯುವ ಸೀಲಿನ ತುಟಿಯನ್ನು ಕೊಯ್ದುಬಿಡುತ್ತದೆ, ಆಮೇಲೆ ಗೇರ್ ಆಯಿಲ್‌ಗೆ ನೀರು ಸೇರುತ್ತದೆ. ಪೂರ್ತಿ ಬಿಡಿಸಿ ತೆಗೆಯಿರಿ.

ಉಪ್ಪು ನೀರಿನಲ್ಲಿ ಓಡಿದ, ಗ್ರೀಸ್ ಕಾಣದ ಪ್ರೊಪೆಲ್ಲರ್ ಕೆಲವೊಮ್ಮೆ ಅಲ್ಲಾಡುವುದೇ ಇಲ್ಲ. ನಟ್ ಬಿಚ್ಚಿದರೂ ಸ್ಲೀವ್ ಶಾಫ್ಟಿಗೆ ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಎರಡೂ ಕಡೆಯಿಂದ ಬಿಟ್ಟು ಒಂದು ರಾತ್ರಿ ಬಿಡಿ. ಮಾರನೇ ದಿನ ಮರದ ತುಂಡು ಅಡ್ಡ ಇಟ್ಟು ಪ್ರೊಪೆಲ್ಲರಿನ ನಡುಭಾಗಕ್ಕೆ ಸುತ್ತಲೂ ಮೆಲ್ಲಗೆ ತಟ್ಟಿ, ಹಿಂದೆ ಮುಂದೆ ಅಲ್ಲಾಡಿಸಿ. ಅದಕ್ಕೂ ಬರದಿದ್ದರೆ ಎಳೆದು ತೆಗೆಯುವ ಸಾಧನ, ಪುಲ್ಲರ್ ಹಾಕಬೇಕು. ಹಾರೆ ಹಾಕಿ ಗೇರ್ ಪೆಟ್ಟಿಗೆಗೆ ಆನಿಸಿ ಮೀಟಬೇಡಿ, ಅಲ್ಯೂಮಿನಿಯಂ ಎರಕ ಬಿರುಕು ಬಿಡುತ್ತದೆ. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆಯಬೇಡಿ, ಥ್ರೆಡ್ ಹೋಗುತ್ತದೆ, ಪೆಟ್ಟು ಬೇರಿಂಗಿಗೂ ಹೋಗುತ್ತದೆ. ಗ್ಯಾಸ್ ಟಾರ್ಚ್ ಅಂತೂ ಬೇಡವೇ ಬೇಡ. ಪಕ್ಕದಲ್ಲಿ ಪೆಟ್ರೋಲ್, ಒಳಗೆ ಗ್ರೀಸು, ರಬ್ಬರು. ಮುಚ್ಚಿದ ಜಾಗದಲ್ಲಿ ಒತ್ತಡ ಕಟ್ಟಿ ಸಿಡಿಯಬಹುದು. ಏನು ಮಾಡಿದರೂ ಬಾರದಿದ್ದರೆ ಅನುಭವಸ್ಥ ಮೆಕ್ಯಾನಿಕ್ ಪ್ರೊಪೆಲ್ಲರನ್ನು ರಬ್ಬರಿನಿಂದ ಎಳೆದು ತೆಗೆದು, ಶಾಫ್ಟ್ ಮೇಲೆ ಉಳಿದ ಸ್ಲೀವನ್ನು ಉದ್ದಕ್ಕೆ ಸೀಳಿ ಬಿಡಿಸುತ್ತಾರೆ. ಹೇಗೂ ಹಬ್ ಹೋಗಿದೆ, ಸ್ಲೀವ್ ಕತ್ತರಿಸಿದರೆ ನಷ್ಟವಿಲ್ಲ. ಶಾಫ್ಟಿನ ಹಲ್ಲಿಗೆ ಗರಗಸ ತಾಗಬಾರದು, ಅಷ್ಟೇ.

ಪ್ರೊಪೆಲ್ಲರ್ ಕೈಗೆ ಬಂದ ಮೇಲೆ ಒಳಗೆ ನೋಡಿ ಯಾವ ಬಗೆ ಅಂತ ತಿಳಿದುಕೊಳ್ಳಿ. ಎರಡು ಬಗೆ ಇವೆ. ಒಂದು ನಾನು ಇಲ್ಲಿಯವರೆಗೆ ಹೇಳಿದ, ಒತ್ತಿ ಕೂರಿಸಿದ ರಬ್ಬರ್. ಇನ್ನೊಂದರಲ್ಲಿ ಹಬ್ ಬೇರೆ, ಪ್ರೊಪೆಲ್ಲರ್ ಬೇರೆ. ಮರ್ಕ್ಯುರಿಯವರ ಫ್ಲೋ-ಟಾರ್ಕ್ 2, ಸೋಲಾಸ್‌ನವರ ರುಬೆಕ್ಸ್ ಈ ಜಾತಿಯವು. ಮರ್ಕ್ಯುರಿಯದರಲ್ಲಿ ಗಟ್ಟಿ ಪ್ಲಾಸ್ಟಿಕ್ ಸ್ಲೀವ್ ಇರುತ್ತದೆ, ಸೋಲಾಸ್‌ನದರಲ್ಲಿ ರಬ್ಬರ್. ಇಂಥದ್ದಾದರೆ ನಿಮ್ಮ ತಲೆನೋವು ಮುಕ್ಕಾಲು ಪಾಲು ಕಡಿಮೆ. ನಿಮ್ಮ ಇಂಜಿನ್ನಿಗೆ ಹೊಂದುವ ಹಬ್ ಕಿಟ್ ತಂದು ದಡದಲ್ಲೇ ಬದಲಿಸಬಹುದು, ಪ್ರೆಸ್ ಬೇಡ. ನೀವು ಹೇಳಿದ್ದು ನೋಡಿದರೆ ನಿಮ್ಮದು ಒತ್ತಿದ ರಬ್ಬರ್ ಅನಿಸುತ್ತದೆ.

ಹಾಗಾದರೆ ಅದನ್ನು ಹೊರಗೆ ತಳ್ಳಬೇಕು. ವರ್ಕ್‌ಶಾಪಿಗೆ ಕೊಟ್ಟು ಸುಮ್ನೆ ಚಹಾಕ್ಕೆ ಹೋಗಬೇಡಿ, ಪಕ್ಕದಲ್ಲೇ ನಿಂತು ನೋಡಿ. ಲೇತ್‌ನವರಿಗೆ ಕೈಚಳಕ ಇರುತ್ತದೆ, ಆದರೆ ಬೋಟಿನ ಪ್ರೊಪೆಲ್ಲರ್ ದಿನಾ ನೋಡುವವರಲ್ಲ. ನಿಮ್ಮದರಲ್ಲಿ ಒಂದರೊಳಗೆ ಒಂದು ಎರಡು ಸಿಲಿಂಡರ್ ಇರುತ್ತವೆ. ಹೊರಗಿನದಕ್ಕೆ ರೆಕ್ಕೆ, ಒಳಗಿನದರಲ್ಲಿ ಹಬ್. ನಡುವಿನ ಖಾಲಿ ಜಾಗದಲ್ಲಿ ಇಂಜಿನ್ನಿನ ಹೊಗೆ ಹೋಗುತ್ತದೆ. ಎರಡನ್ನೂ ಹಿಡಿದಿರುವುದು ಕೆಲವೇ ತೆಳು ಪಟ್ಟಿಗಳು. ಪ್ರೊಪೆಲ್ಲರನ್ನು ಹೊರ ಸಿಲಿಂಡರ್ ಮೇಲೋ ರೆಕ್ಕೆ ಮೇಲೋ ನಿಲ್ಲಿಸಿ ಪ್ರೆಸ್ ಒತ್ತಿದರೆ ಆ ಪಟ್ಟಿಗಳು ಟಪ್ ಅಂತ ಬಿರಿಯುತ್ತವೆ. ಕೆಳಗೆ ಒಳ ಸಿಲಿಂಡರಿನ ಅಂಚಿಗೆ ಸರಿಯಾಗಿ ಕೂರುವ ದಪ್ಪ ಪೈಪ್ ತುಂಡು ಇಟ್ಟು ಅದರ ಮೇಲೇ ಭಾರ ಬೀಳಬೇಕು. ಮೇಲಿಂದ ಒತ್ತುವ ಕಬ್ಬಿಣದ ಗುಂಡು ತುಂಡು ಒಳ ಬಾಯಿಗಿಂತ ಕೂದಲೆಳೆಯಷ್ಟು ಚಿಕ್ಕದಿರಲಿ. ಆಗ ಸ್ಲೀವೂ ರಬ್ಬರೂ ಒಟ್ಟಿಗೇ ಕೆಳಗಿಳಿಯುತ್ತವೆ. ಸಣ್ಣ ರಾಡಿನಿಂದ ಸ್ಲೀವನ್ನಷ್ಟೇ ತಳ್ಳಿದರೆ ಅದೊಂದೇ ಕಿತ್ತು ಬರುತ್ತದೆ, ರಬ್ಬರ್ ಒಳಗೇ ಉಳಿಯುತ್ತದೆ.

ಒತ್ತುವ ಮೊದಲು ಎರಡು ಸಂಗತಿ ಬರೆದುಕೊಳ್ಳಿ. ಹಳೇ ಸ್ಲೀವ್ ಪ್ರೊಪೆಲ್ಲರಿನ ಅಂಚಿನಿಂದ ಎಷ್ಟು ಒಳಗೆ ಕೂತಿದೆ ಅಂತ ಎರಡೂ ಕಡೆಯಿಂದ ವರ್ನಿಯರ್‌ನಲ್ಲಿ ಅಳೆಯಿರಿ. ಹಾಗೇ ಒಳ ಬಾಯಲ್ಲಿ ಯಾವ ಕಡೆ ಮೆಟ್ಟಿಲಿನಂಥ ಅಂಚು ಇದೆ, ಯಾವ ಕಡೆ ಅಗಲ ಅಂತ ನೋಡಿ. ತಳ್ಳಬೇಕಾದ್ದು ಅಗಲವಾದ ಕಡೆಗೆ.

ಸುಟ್ಟು ತೆಗೆಯುವ ಮಾತು. ಬೆಂಕಿ ಹಿಡಿದರೆ ರಬ್ಬರ್ ಬೇಗ ಬರುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಸ್ಟೀಲ್ ಪ್ರೊಪೆಲ್ಲರ್ ಆ ಶಾಖ ತಡೆದುಕೊಳ್ಳುತ್ತದೆ. ನಿಮ್ಮದು ಅಲ್ಯೂಮಿನಿಯಂ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎರಕದ ಮಿಶ್ರಲೋಹದ ಬಲ ಕುಗ್ಗಲು ಅದರ ಅರ್ಧ ಶಾಖವೂ ಬೇಕಿಲ್ಲ. ಕಬ್ಬಿಣ ಕೆಂಪಾಗಿ ಸೂಚನೆ ಕೊಡುತ್ತದೆ, ಅಲ್ಯೂಮಿನಿಯಂ ಬಣ್ಣವನ್ನೇ ಬದಲಿಸುವುದಿಲ್ಲ. ಮೆತ್ತಗಾಗಿದ್ದು ಗೊತ್ತಾಗುವುದು ರೆಕ್ಕೆ ಬಾಗಿದ ಮೇಲೇ. ಜೊತೆಗೆ ಆ ಕಪ್ಪು ಹೊಗೆ ವಿಷ. ಪ್ರೆಸ್‌ಗೆ ಬಾರದ ರಬ್ಬರ್ ಇದ್ದರೆ ಡ್ರಿಲ್‌ನಿಂದ ಸುತ್ತಲೂ ಒತ್ತೊತ್ತಾಗಿ ತೂತು ಹೊಡೆದು, ಸ್ಲೀವ್ ಕಿತ್ತು, ಉಳಿದದ್ದನ್ನು ಚಾಕುವಿನಿಂದ ಕೊರೆಯಿರಿ. ಹೊತ್ತು ಹಿಡಿಯುತ್ತದೆ, ಆದರೆ ಪ್ರೊಪೆಲ್ಲರ್ ಉಳಿಯುತ್ತದೆ.

ಹೊಸ ಹಬ್ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಇಂಜಿನ್ ಮಾಡೆಲ್, ಸ್ಲೀವಿನ ಹಲ್ಲಿನ ಎಣಿಕೆ, ರಬ್ಬರಿನ ಹೊರ ವ್ಯಾಸ, ಉದ್ದ, ನಾಲ್ಕೂ ಹೊಂದಬೇಕು. ಲೇತ್‌ನಲ್ಲೇ ರಬ್ಬರ್ ಕಡೆದು ಕೊಡುತ್ತೇವೆ ಅಂದರೆ ಒಪ್ಪಬೇಡಿ. ರಬ್ಬರಿನ ಗಡಸುತನ ಎಷ್ಟಿರಬೇಕು, ಎಷ್ಟು ಭಾರಕ್ಕೆ ಜಾರಬೇಕು ಅನ್ನುವುದನ್ನು ತಯಾರಿಸುವವರು ಲೆಕ್ಕ ಹಾಕಿಟ್ಟಿರುತ್ತಾರೆ. ಕೈಗೆ ಸಿಕ್ಕಿದ ರಬ್ಬರ್ ಒಂದೋ ಬೇಗ ಜಾರುತ್ತದೆ, ಇಲ್ಲವೋ ಬೋಲ್ಟಿನಂತೆ ಜಾರುವುದೇ ಇಲ್ಲ.

ಒಳ ಬಾಯಿಯ ಬಿಳಿ ಪುಡಿ, ಹಳೇ ರಬ್ಬರಿನ ಪದರ ಎಲ್ಲವನ್ನೂ ವೈರ್ ಬ್ರಷ್‌ನಿಂದ ತಿಕ್ಕಿ ತೆಗೆಯಿರಿ. ಪಾಲಿಶ್ ಮಾಡಬೇಡಿ. ಹಬ್ಬನ್ನು ಸೋಪಿನ ನೀರಲ್ಲಿ ಅದ್ದಿ. ಗ್ರೀಸ್, ಇಂಜಿನ್ ಆಯಿಲ್ ಹಚ್ಚಲೇಬಾರದು. ಜಾರಿಸಲು ಚೆನ್ನಾಗಿಯೇ ಇರುತ್ತದೆ, ಆದರೆ ಅದು ಒಣಗುವುದಿಲ್ಲ. ಕೆಲವು ಬಗೆಯ ರಬ್ಬರ್ ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ ಕೂಡ. ಹೊಸ ಹಬ್ ಮೊದಲ ದಿನವೇ ಜಾರಿತು ಅಂತ ಬರುವವರನ್ನು ವಿಚಾರಿಸಿದರೆ ಬಹಳ ಸಲ ಎಣ್ಣೆಯೇ ಕಾರಣವಾಗಿರುತ್ತದೆ. ದೊಡ್ಡ ರಬ್ಬರ್ ಸಣ್ಣ ಬಾಯಿಗೆ ಇಳಿಯಬೇಕಲ್ವಾ, ಅದಕ್ಕೆ ಮೇಲೆ ಅಗಲ, ಕೆಳಗೆ ಬಾಯಿಯ ಅಳತೆಗೇ ಕಿರಿದಾಗುವ ಒಂದು ಕೋನ್ ಬೇಕು. ಇದನ್ನು ಲೇತ್‌ನಲ್ಲಿ ಮಾಡಿಸಬಹುದು. ಅದನ್ನು ಪ್ರೊಪೆಲ್ಲರ್ ಬಾಯಿಗೆ ಕೂರಿಸಿ, ಹಬ್ಬನ್ನು ನೆಟ್ಟಗೆ ಇಟ್ಟು, ನಡುವೆ ಎಲ್ಲೂ ತಡೆಯದೆ ಒಂದೇ ಒತ್ತಿಗೆ ಇಳಿಸಬೇಕು. ಅರ್ಧದಲ್ಲಿ ನಿಂತರೆ ರಬ್ಬರ್ ಕಚ್ಚಿಕೊಂಡು ಮಡಿಚುತ್ತದೆ. ಬರೆದಿಟ್ಟ ಅಳತೆಗೆ ಬಂದಾಗ ನಿಲ್ಲಿಸಿ. ಸ್ಲೀವ್ ಓರೆಯಾಗಿದ್ದರೆ ಬೋಟು ಓಡುವಾಗ ನಡುಗುತ್ತದೆ, ಹಾಗಾಗಿ ಅಲ್ಲೇ ಶಾಫ್ಟಿನ ಅಳತೆಯ ರಾಡ್ ತೂರಿಸಿ ಪ್ರೊಪೆಲ್ಲರ್ ತಿರುಗಿಸಿ ನೋಡಿ.

ಆಮೇಲೆ ಒಂದು ದಿನ ಪೂರ್ತಿ ಮುಟ್ಟಬೇಡಿ. ಸೋಪಿನ ನೀರು ಆರಬೇಕು, ರಬ್ಬರ್ ಹರಡಿಕೊಂಡು ಕೂರಬೇಕು. ಭಾನುವಾರ ಗಿರಾಕಿ ಇದ್ದಾರೆ ಅಂತ ಶನಿವಾರ ಸಂಜೆ ಒತ್ತಿಸಿ ಬೆಳಿಗ್ಗೆ ಓಡಿಸಿದರೆ ಮಾಡಿದ್ದೆಲ್ಲ ನೀರುಪಾಲು.

ವಾಪಸ್ ಹಾಕುವಾಗ ಶಾಫ್ಟಿನ ಹಲ್ಲುಗಳಿಗೆಲ್ಲ ನೀರು ತಡೆಯುವ ಮರೈನ್ ಗ್ರೀಸ್ ಧಾರಾಳವಾಗಿ ಹಚ್ಚಿ. ಗ್ರಾಫೈಟ್ ಇರುವ ಗ್ರೀಸ್ ಬೇಡ, ಉಪ್ಪು ನೀರಿನಲ್ಲಿ ಅದು ಲೋಹ ತಿನ್ನುವುದನ್ನು ಜಾಸ್ತಿ ಮಾಡುತ್ತದೆ. ಥ್ರಸ್ಟ್ ವಾಶರಿನ ಒಳಗಿನ ಇಳಿಜಾರು ಶಾಫ್ಟಿನ ಇಳಿಜಾರಿಗೆ ಕೂರಬೇಕು, ಅಂದರೆ ಆ ಮುಖ ಗೇರ್ ಪೆಟ್ಟಿಗೆ ಕಡೆಗೆ. ಉಳಿದದ್ದು ಫೋಟೋ ನೋಡಿಕೊಂಡು. ನಟ್ಟನ್ನು ಟಾರ್ಕ್ ವ್ರೆಂಚ್‌ನಿಂದ ನಿಮ್ಮ ಇಂಜಿನ್ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡಿ. ಇಂಜಿನ್ನಿಂದ ಇಂಜಿನ್ನಿಗೆ ಇದು ಬೇರೆ. ಮರ್ಕ್ಯುರಿಯ ದೊಡ್ಡ ಇಂಜಿನ್ನುಗಳಿಗೆ ಸುಮಾರು 75 ನ್ಯೂಟನ್ ಮೀಟರ್, ಬೇರೆ ಕೆಲವಕ್ಕೆ ಅದಕ್ಕಿಂತ ತುಂಬ ಕಡಿಮೆ. ಪಿನ್ನಿನ ತೂತು ಸೇರದಿದ್ದರೆ ಇನ್ನಷ್ಟು ಬಿಗಿ ಮಾಡಿ ಸೇರಿಸಿ, ಸಡಿಲ ಮಾಡಿ ಸೇರಿಸಬೇಡಿ. ಹೊಸ ಸ್ಟೇನ್‌ಲೆಸ್ ಪಿನ್ ಹಾಕಿ ಎರಡೂ ಕಾಲು ಮಡಚಿ. ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿದರೆ ಎಲ್ಲೂ ಉಜ್ಜದೆ ತಿರುಗಬೇಕು. ಮೊದಲಿನ ಹಾಗೇ ಹೊಸ ಗೆರೆ ಹಾಕಿ, ಒಂದು ಸುತ್ತು ಓಡಿಸಿ ಬಂದು ಗೆರೆಯನ್ನೂ ನಟ್ಟನ್ನೂ ನೋಡಿ.

ಹಾಗಾದರೆ ಹೊಸ ಪ್ರೊಪೆಲ್ಲರ್ ಹಾಕಿ ಅಂದವರು ತಪ್ಪಾ? ಪೂರ್ತಿ ಅಲ್ಲ. ರೆಕ್ಕೆಗಳನ್ನು ಒಂದೊಂದಾಗಿ ನೋಡಿ. ತುದಿ ಬಾಗಿದ್ದರೆ, ಬುಡದಲ್ಲಿ ಕೂದಲೆಳೆಯ ಬಿರುಕಿದ್ದರೆ, ಮರಳು ಉಜ್ಜಿ ಅಂಚು ತೆಳುವಾಗಿದ್ದರೆ ಅದಕ್ಕೆ ಹೊಸ ಹಬ್ ಹಾಕುವುದು ದುಡ್ಡು ದಂಡ. ಆಗ ಹೊಸದೇ ತನ್ನಿ, ಆದರೆ ಹಬ್ ಬದಲಿಸಲು ಬರುವ ಬಗೆಯದನ್ನು ತನ್ನಿ, ಜೊತೆಗೆ ಒಂದು ಹಬ್ ಕಿಟ್. ಜನರನ್ನು ಕರೆದೊಯ್ಯುವ ಬೋಟಿಗೆ ನನ್ನ ಆಯ್ಕೆ ಇದೇ. ರೆಕ್ಕೆ ಚೆನ್ನಾಗಿದ್ದರೆ ಹಳೆಯದಕ್ಕೆ ಹಬ್ ಒತ್ತಿಸಿ. ಯಾವುದೇ ಮಾಡಿದರೂ ಬೋಟಿನಲ್ಲಿ ಒಂದು ಬದಲಿ ಪ್ರೊಪೆಲ್ಲರ್, ನಟ್, ಪಿನ್, ಥ್ರಸ್ಟ್ ವಾಶರ್, ಸ್ಪ್ಯಾನರ್ ಇಟ್ಟಿರಿ. ಎರಡು ತಿಂಗಳಿಗೊಮ್ಮೆ ಪ್ರೊಪೆಲ್ಲರ್ ಬಿಚ್ಚಿ ಗ್ರೀಸ್ ಹಚ್ಚಿದರೆ ಕಚ್ಚಿಕೊಳ್ಳುವ ತೊಂದರೆಯೇ ಇಲ್ಲ. ಗೇರ್ ಹಾಕುವುದು ಯಾವಾಗಲೂ ಐಡಲ್‌ನಲ್ಲಿ, ಒಂದೇ ಸಲಕ್ಕೆ, ಅಳುಕದೆ.

ಇನ್ನೊಂದು. ಮರಳಿಗೆ ತಾಗಿದ ಇಂಜಿನ್ ಇದು, ಹಾಗಾಗಿ ಹಬ್‌ಗೆ ದುಡ್ಡು ಕೊಡುವ ಮೊದಲೇ ಗೇರ್ ಆಯಿಲ್ ನೋಡಿಬಿಡಿ. ಇಂಜಿನ್ ನೆಟ್ಟಗೆ ನಿಲ್ಲಿಸಿ, ಗೇರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲ ಮಾಡಿ ನಾಲ್ಕು ಹನಿ ಬಟ್ಟೆಗೆ ಇಳಿಸಿ. ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಪ್ರೊಪೆಲ್ಲರ್ ವಾಪಸ್ ಹಾಕುವ ಮೊದಲೇ ಶಾಫ್ಟ್ ಸೀಲ್ ಬದಲಿಸಿ. ಲೋಹದ ಚೂರು ಹೊಳೆದರೆ ಗೇರ್ ಪೆಟ್ಟಿಗೆ ಬಿಚ್ಚಿಸಿ ನೋಡಬೇಕು, ಹಬ್ ಆಮೇಲೆ. ಶಾಫ್ಟ್ ಬಾಗಿದೆಯಾ ಅಂತಲೂ ಪರೀಕ್ಷಿಸಿ. ನ್ಯೂಟ್ರಲ್‌ನಲ್ಲಿ ಮೆಲ್ಲಗೆ ತಿರುಗಿಸಿ, ಪಕ್ಕದಲ್ಲಿ ಒಂದು ಕಡ್ಡಿಯನ್ನು ಶಾಫ್ಟಿನ ತುದಿಗೆ ಹತ್ತಿರ ಹಿಡಿದರೆ ಸಂದು ಸುತ್ತಲೂ ಒಂದೇ ಆಗಿರಬೇಕು. ಅದು ಹಿಗ್ಗಿ ಕುಗ್ಗಿದರೆ ಶಾಫ್ಟ್ ಬಾಗಿದೆ, ಎಷ್ಟೇ ಒಳ್ಳೆಯ ಹಬ್ ಹಾಕಿದರೂ ಅದು ಸೀಲನ್ನೂ ಬೇರಿಂಗನ್ನೂ ತಿಂದುಹಾಕುತ್ತದೆ.